ಹೃದಯದ ಮಾತ್ರೆಯೂ ಸಕ್ಕರೆಯ ಭಯವೂ

ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿ ಐವರ್ನಾಡು ಎಂಬ ಊರಿದೆ. ನೀವು ಈಗ ಪೇಟೆಯಲ್ಲಿ ನೆಲಸಿದ್ದರೂ ನಿಮ್ಮಲ್ಲಿ ಹಲವರ ಮೂಲಮನೆ ಇಂಥ ಊರುಗಳಲ್ಲಿಯೇ ಇದ್ದೀತು. ಮುಂಗಾರು ಹತ್ತಿರ ಬಂದಿತೆಂದರೆ ಅಲ್ಲಿನ ತೋಟಗಳಲ್ಲೆಲ್ಲ ಒಂದೇ ಮಾತು: ‘ಅಡಿಕೆಗೆ ಮದ್ದು ಬಿಟ್ಟಾಯಿತೆ?’ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಇದೇ ಬೋರ್ಡೋ ದ್ರಾವಣ. ಕೊಳೆರೋಗ ಕಾಣಿಸಿಕೊಳ್ಳುವ ಮೊದಲೇ ಇದನ್ನು ಗೊನೆಗಳಿಗೆ ಸಿಂಪಡಿಸಬೇಕು. ಕಾಯಿಗಳು ಕೊಳೆತು ಉದುರಿದ ಮೇಲೆ ಎಷ್ಟು ಮದ್ದು ಬಿಟ್ಟರೂ ಉದುರಿದ ಕಾಯಿ ಮರಳಿ ಗೊನೆ ಸೇರುವುದಿಲ್ಲ.

ಈ ಮದ್ದಿಗೂ ಒಂದು ದೋಷವಿದೆ. ಸುಣ್ಣ ಕಡಮೆಯಾದರೆ ತುತ್ತದ ತೀಕ್ಷ್ಣತೆ ಉಳಿದು ಎಳೆಗಾಯಿಗಳು ಸುಟ್ಟಂತಾಗುತ್ತವೆ. ಆದುದರಿಂದ ಅನುಭವವುಳ್ಳ ಬೆಳೆಗಾರರು ದ್ರಾವಣದಲ್ಲಿ ಕಬ್ಬಿಣದ ಚೂರಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಕಾಯಿ ಸುಟ್ಟೀತೆಂಬ ಹೆದರಿಕೆಯಿಂದ ಮದ್ದು ಬಿಡುವುದನ್ನೇ ಕೈಬಿಡುವುದಿಲ್ಲ. ಪರೀಕ್ಷೆ ಮಾಡಿ, ಹದ ನೋಡಿ ಬಿಡುತ್ತಾರೆ.

ತೋಟದ ವಿಷಯದಲ್ಲಿ ನಮಗಿರುವ ಈ ವಿವೇಕ ದೇಹದ ವಿಷಯದಲ್ಲಿಯೂ ಬೇಕಾಗಿದೆ. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಹೆಸರನ್ನು ನೀವು ಕೇಳಿರಬಹುದು. ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎಂಬ ಚೀಟಿಯ ಮಾತ್ರೆಗಳು ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿಯೇ ಇದ್ದರೂ ಇರಬಹುದು. ಅವು ಹೃದಯವನ್ನು ಕಾಯುತ್ತವೆ ಎಂದು ವೈದ್ಯರು ಹೇಳುತ್ತಾರೆ. ಅವುಗಳಿಂದ ಸಿಹಿಮೂತ್ರ ಬರುತ್ತದೆ ಎಂದು ನೆಂಟರು ಹೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜ? ಎರಡರಲ್ಲಿಯೂ ನಿಜವಿದೆ. ಆದರೆ ಎರಡರ ತೂಕ ಒಂದೇ ಅಲ್ಲ.

ಐವರ್ನಾಡಿನ ಒಬ್ಬ ಕೃಷಿಕರನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತೆಂಟು. ಎರಡು ವರ್ಷಗಳ ಹಿಂದೆ ಎದೆನೋವು ಬಂದು, ಮಂಗಳೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು. ಅಂದಿನಿಂದ ರಾತ್ರಿ ಒಂದು ಅಟೋರ್ವಾಸ್ಟ್ಯಾಟಿನ್ ಮಾತ್ರೆ, ೪೦ ಮಿಲಿಗ್ರಾಮಿನದು. ಆಗ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ೧೦೮ ಇತ್ತು, ಈಗ ೧೨೮ ಆಗಿದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಅಳಿಯ ಮೊಬೈಲಿಗೆ ಒಂದು ಸುದ್ದಿ ಕಳಿಸಿದ್ದಾನೆ: ‘ಮಾವ, ಈ ಮಾತ್ರೆಯಿಂದಲೇ ಡಯಾಬಿಟೀಸ್ ಬರುವುದಂತೆ.’ ಅವರು ಯಾರನ್ನೂ ಕೇಳದೆ ಮಾತ್ರೆಯನ್ನು ನಿಲ್ಲಿಸಿದ್ದಾರೆ. ಪುತ್ತೂರಿನಲ್ಲಿ ಅಂಗಡಿ ಇಟ್ಟಿರುವ ಅವರ ಭಾವಮೈದುನನಿಗೆ ನಲವತ್ತೆರಡು ವರ್ಷ. ಆತನಿಗೆ ಕೊಲೆಸ್ಟರಾಲು ಕೊಂಚ ಹೆಚ್ಚು, ಬೇರೇನೂ ತೊಂದರೆಯಿಲ್ಲ. ‘ನಾನೂ ಆ ಮಾತ್ರೆ ತೆಗೆದುಕೊಳ್ಳಬೇಕೆ, ಬೇಡವೆ?’ ಎಂದು ಆತ ಕೇಳುತ್ತಿದ್ದಾನೆ. ಈ ಇಬ್ಬರಿಗೂ ಒಂದೇ ಉತ್ತರ ಸಲ್ಲದು. ಏಕೆ ಸಲ್ಲದೆಂಬುದನ್ನು ನೋಡೋಣ.

ಮೊದಲು ಈ ಮಾತ್ರೆ ಎಲ್ಲಿಂದ ಬಂತು, ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಜಪಾನಿನ ಅಕಿರ ಎಂಡೊ ಎಂಬ ವಿಜ್ಞಾನಿ ಆರು ಸಾವಿರಕ್ಕೂ ಹೆಚ್ಚು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ, ೧೯೭೩ರ ಹೊತ್ತಿಗೆ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿಹಸಿರು ಬೂಷ್ಟೊಂದರಲ್ಲಿ ಮೊದಲ ಸ್ಟ್ಯಾಟಿನ್ನನ್ನು ಕಂಡುಕೊಂಡರು. ಇದೇ ಬಗೆಯ ಇನ್ನೊಂದು ಔಷಧ ೧೯೮೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಎಂಡೊ ಅವರು ೨೦೨೪ರಲ್ಲಿ, ತೊಂಬತ್ತು ವರ್ಷ ಬಾಳಿ ತೀರಿಕೊಂಡರು.

ನಮ್ಮ ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಈ ತಯಾರಿಯಲ್ಲಿ ಪಿತ್ತಜನಕಾಂಗದ ಪಾಲು ದೊಡ್ಡದು. ಅಲ್ಲಿ ಈ ಕೆಲಸಕ್ಕೆ ಅಗತ್ಯವಾದ ಒಂದು ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಒಳಗಿನ ತಯಾರಿ ಕಡಮೆಯಾದಾಗ ಪಿತ್ತಜನಕಾಂಗವು ರಕ್ತದಲ್ಲಿ ಹರಿಯುತ್ತಿರುವ ಕೊಲೆಸ್ಟರಾಲನ್ನು, ಅದರಲ್ಲೂ ಎಲ್.ಡಿ.ಎಲ್. ಎಂಬ ಕೆಟ್ಟ ಬಗೆಯದನ್ನು, ತನ್ನತ್ತ ಸೆಳೆದುಕೊಳ್ಳುತ್ತದೆ. ಹೃದಯದ ರಕ್ತನಾಳಗಳ ಒಳಗೋಡೆಗೆ ಜಿಡ್ಡಿನಂತೆ ಅಂಟುವುದು ಈ ಎಲ್.ಡಿ.ಎಲ್. ಆ ಜಿಡ್ಡು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಆಗುವುದೇ ಹೃದಯಾಘಾತ.

ಇದರಿಂದ ಆದ ಉಪಕಾರ ಎಷ್ಟು? ೧೯೯೪ರಲ್ಲಿ ಸ್ಕ್ಯಾಂಡಿನೇವಿಯಾದ ದೇಶಗಳಿಂದ ಹೊರಬಿದ್ದ ಒಂದು ಪ್ರಯೋಗವನ್ನು ನೋಡಿ. ಮೊದಲೇ ಹೃದಯದ ಕಾಯಿಲೆಯಿದ್ದ ೪,೪೪೪ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸಿಮ್ವಾಸ್ಟ್ಯಾಟಿನ್ ಮಾತ್ರೆ, ಉಳಿದ ಅರ್ಧಕ್ಕೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆ ಕೊಟ್ಟರು. ಐದು ವರ್ಷಗಳಿಗೂ ಮಿಕ್ಕು ಕಾದು ನೋಡಿದಾಗ ಹುಸಿಮಾತ್ರೆಯವರಲ್ಲಿ ೨೫೬ ಮಂದಿ ತೀರಿಕೊಂಡಿದ್ದರು. ಔಷಧ ಪಡೆದವರಲ್ಲಿ ೧೮೨ ಮಂದಿ. ಆಮೇಲೆ ಇಂಥ ೨೬ ಪ್ರಯೋಗಗಳ, ಸುಮಾರು ೧,೭೦,೦೦೦ ಜನರ ಲೆಕ್ಕವನ್ನು ೨೦೧೦ರಲ್ಲಿ ಒಟ್ಟುಗೂಡಿಸಿದರು. ಎಲ್.ಡಿ.ಎಲ್. ಸುಮಾರು ೩೯ ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ದೊಡ್ಡ ಆಪತ್ತುಗಳು ಐದರಲ್ಲಿ ಒಂದು ಪಾಲಿನಷ್ಟು ಕಡಮೆಯಾಗುತ್ತವೆ ಎಂದು ಅದರಿಂದ ತಿಳಿಯಿತು.

ಇನ್ನು ತಕ್ಕಡಿಯ ಎರಡನೆಯ ತಟ್ಟೆ. ೨೦೦೮ರಲ್ಲಿ ಜುಪಿಟರ್ ಎಂಬ ಪ್ರಯೋಗದ ಫಲ ಪ್ರಕಟವಾಯಿತು. ೧೭,೮೦೨ ಜನರಲ್ಲಿ ರೊಸುವಾಸ್ಟ್ಯಾಟಿನ್ ಪಡೆದವರ ಪೈಕಿ ೨೭೦ ಮಂದಿಗೆ ಹೊಸದಾಗಿ ಮಧುಮೇಹ ಕಂಡುಬಂತು. ಹುಸಿಮಾತ್ರೆಯವರ ಪೈಕಿ ೨೧೬ ಮಂದಿಗೆ. ವ್ಯತ್ಯಾಸ ಚಿಕ್ಕದಾದರೂ ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ೨೦೧೦ರಲ್ಲಿ ೧೩ ಪ್ರಯೋಗಗಳ ೯೧,೧೪೦ ಜನರ ಲೆಕ್ಕ ಹಾಕಿ, ಸ್ಟ್ಯಾಟಿನ್ ಪಡೆದವರಲ್ಲಿ ಮಧುಮೇಹ ತಗಲುವ ಸಂಭವ ಶೇಕಡಾ ೯ರಷ್ಟು ಹೆಚ್ಚು ಎಂದು ಕಂಡುಕೊಂಡರು. ೨೦೧೨ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಮಾತ್ರೆಗಳ ವಿವರಪತ್ರದಲ್ಲಿ ಈ ಎಚ್ಚರಿಕೆಯನ್ನು ಸೇರಿಸುವಂತೆ ಮಾಡಿತು. ಆದುದರಿಂದ ಅಳಿಯ ಕಳಿಸಿದ ಸುದ್ದಿ ಬರಿಯ ಗಾಳಿಮಾತಲ್ಲ. ಆದರೆ ಅದು ಅರ್ಧ ಮಾತು.

‘ಶೇಕಡಾ ೯ರಷ್ಟು ಹೆಚ್ಚು’ ಎಂದೊಡನೆ ನೂರು ಜನರಲ್ಲಿ ಒಂಬತ್ತು ಜನರಿಗೆ ಮಾತ್ರೆಯಿಂದ ಮಧುಮೇಹ ಬಂತೆಂದು ನಾವು ತಿಳಿದುಬಿಡುತ್ತೇವೆ. ಹಾಗಲ್ಲ. ಮಾತ್ರೆಯಿಲ್ಲದಿದ್ದರೂ ಬರುತ್ತಿದ್ದ ಕೆಲವೇ ಮಂದಿಯ ಸಂಖ್ಯೆ ನೂರಕ್ಕೆ ಒಂಬತ್ತರಂತೆ ಏರಿತು ಎಂದು ಇದರ ಅರ್ಥ. ಅದೇ ಲೆಕ್ಕವನ್ನು ಮನುಷ್ಯರ ಎಣಿಕೆಯಲ್ಲಿ ಹೇಳುವುದಾದರೆ, ೨೫೫ ಜನ ನಾಲ್ಕು ವರ್ಷ ಸ್ಟ್ಯಾಟಿನ್ ಸೇವಿಸಿದರೆ ಅವರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಬರುತ್ತದೆ. ಅಷ್ಟೇ ಜನರಲ್ಲಿ ಅಷ್ಟೇ ಕಾಲದಲ್ಲಿ ತಪ್ಪಿಹೋಗುವ ಹೃದಯಾಘಾತ ಮತ್ತು ಹೃದಯದ ಸಾವುಗಳು ಐದಕ್ಕೂ ಮಿಕ್ಕು. ಒಂದು ತಟ್ಟೆಯಲ್ಲಿ ಒಂದು, ಇನ್ನೊಂದು ತಟ್ಟೆಯಲ್ಲಿ ಐದು.

ಸಂಖ್ಯೆಯಷ್ಟೇ ಅಲ್ಲ, ತಟ್ಟೆಗಳಲ್ಲಿರುವ ವಸ್ತುಗಳೂ ಬೇರೆ ಬೇರೆ. ಮಧುಮೇಹ ಹಗುರವಾದ ಕಾಯಿಲೆಯೆಂದು ಯಾರೂ ಹೇಳಲಾರರು. ಕಣ್ಣು, ಮೂತ್ರಪಿಂಡ, ಕಾಲಿನ ನರ, ಎಲ್ಲವನ್ನೂ ಅದು ತಿನ್ನಬಲ್ಲುದು. ಆದರೆ ಅದು ಮೆಲ್ಲನೆ ನಡೆದು ಬರುವ ಶತ್ರು. ರಕ್ತಪರೀಕ್ಷೆಯಲ್ಲಿ ಮುಂಚೆಯೇ ಕಾಣಿಸಿಕೊಳ್ಳುತ್ತದೆ, ತಡೆಯಲು ಕಾಲಾವಕಾಶವಿರುತ್ತದೆ. ಹೃದಯಾಘಾತ ಹಾಗಲ್ಲ. ರಾತ್ರಿ ಎರಡು ಗಂಟೆಗೆ, ಜಡಿಮಳೆಯಲ್ಲಿ, ಐವರ್ನಾಡಿನ ಒಳದಾರಿಯ ತೋಟದ ಮನೆಯೊಂದರಲ್ಲಿ ಎದೆ ಹಿಂಡಿದರೆ ಏನು ಗತಿ ಎಂದು ಯೋಚಿಸಿ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಿಜ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರ ಪ್ರಯತ್ನದಿಂದ ಹಳ್ಳಿಯ ಚಿಕಿತ್ಸಾಲಯಗಳಿಗೆ ಇ.ಸಿ.ಜಿ. ಯಂತ್ರಗಳು ಬಂದಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಹೃದಯಾಘಾತಕ್ಕೆ ಮೊದಲ ಚಿಕಿತ್ಸೆ ಸಿಗಲೆಂದು ರಾಜ್ಯ ಸರ್ಕಾರವು, ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿಯೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ತಂದಿದೆ. ಇವೆಲ್ಲ ದೊಡ್ಡ ಉಪಕಾರಗಳೇ. ಆದರೂ ರಕ್ತ ಸಿಗದೆ ಸತ್ತ ಹೃದಯದ ಮಾಂಸಖಂಡ ಮತ್ತೆ ಚಿಗುರುವುದಿಲ್ಲ. ಉದುರಿದ ಅಡಿಕೆಯ ಮಾತನ್ನು ಇಲ್ಲಿ ನೆನೆಯಬೇಕು.

ನಮ್ಮ ಜನರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಜಾಗತಿಕ ಅಧ್ಯಯನದ ಪ್ರಕಾರ ಭಾರತವೂ ಸೇರಿದ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ. ಇನ್ನೊಂದೆಡೆ, ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಲೆಕ್ಕದಂತೆ ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ೧೩ ಕೋಟಿ ೬೦ ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಎರಡು ಬೆಂಕಿಗಳ ನಡುವೆ ನಿಂತವರು ನಾವು. ಒಂದನ್ನು ಆರಿಸಲು ಹೋಗಿ ಇನ್ನೊಂದನ್ನು ಮರೆಯುವಂತಿಲ್ಲ.

ಹಾಗಾದರೆ ಮಾತ್ರೆಯಿಂದ ಸಕ್ಕರೆ ಏರುವುದು ಯಾರಿಗೆ? ೨೦೨೪ರಲ್ಲಿ ಪ್ರಕಟವಾದ ದೊಡ್ಡ ಲೆಕ್ಕವೊಂದು ಇದಕ್ಕೆ ಉತ್ತರ ಕೊಡುತ್ತದೆ. ಕಡಮೆ ಇಲ್ಲವೆ ಮಧ್ಯಮ ಪ್ರಮಾಣದ ಸ್ಟ್ಯಾಟಿನ್ನಿನಿಂದ ಹೊಸ ಮಧುಮೇಹ ಶೇಕಡಾ ೧೦ರಷ್ಟು ಹೆಚ್ಚಿತು. ಎಂದರೆ ವರ್ಷಕ್ಕೆ ನೂರಕ್ಕೆ ೧.೨ ಇದ್ದುದು ೧.೩ ಆಯಿತು. ಹೆಚ್ಚಿನ ಪ್ರಮಾಣದಿಂದ ಶೇಕಡಾ ೩೬ರಷ್ಟು ಹೆಚ್ಚಿತು. ವರ್ಷಕ್ಕೆ ನೂರಕ್ಕೆ ೩.೫ ಇದ್ದುದು ೪.೮ ಆಯಿತು. ಅಟೋರ್ವಾಸ್ಟ್ಯಾಟಿನ್ ೧೦ ಮತ್ತು ೨೦ ಮಿಲಿಗ್ರಾಂ ಮಧ್ಯಮ. ೪೦ ಮತ್ತು ೮೦ ಹೆಚ್ಚು. ರೊಸುವಾಸ್ಟ್ಯಾಟಿನ್ನಿನಲ್ಲಿ ೫ ಮತ್ತು ೧೦ ಮಧ್ಯಮ. ೨೦ ಮತ್ತು ೪೦ ಹೆಚ್ಚು.

ಆದರೆ ಆ ಲೆಕ್ಕದಲ್ಲಿ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಹೊಸದಾಗಿ ಮಧುಮೇಹ ಬಂದವರಲ್ಲಿ ಶೇಕಡಾ ೬೨ರಷ್ಟು ಮಂದಿ, ಮಾತ್ರೆ ಆರಂಭಿಸುವ ಮೊದಲೇ ಸಕ್ಕರೆಯ ಮಟ್ಟದಲ್ಲಿ ಎಲ್ಲರಿಗಿಂತ ಮೇಲಿನ ಕಾಲುಭಾಗದಲ್ಲಿದ್ದವರು. ಮಾತ್ರೆಯಿಂದ ಸಕ್ಕರೆ ಸರಾಸರಿಯಲ್ಲಿ ಏರಿದ್ದು ಒಂದು ಮಿಲಿಗ್ರಾಮಿಗಿಂತಲೂ ಕಡಮೆ. ಮೂರು ತಿಂಗಳ ಸಕ್ಕರೆಯನ್ನು ತೋರಿಸುವ ಎಚ್.ಬಿ.ಎ.ಒನ್.ಸಿ. ಪರೀಕ್ಷೆಯಲ್ಲಿ ಏರಿದ್ದು ೦.೦೬ರಿಂದ ೦.೦೮. ಈ ಪರೀಕ್ಷೆಯಲ್ಲಿ ೬.೫ ಬಂದರೆ ಮಧುಮೇಹ ಎನ್ನುತ್ತಾರೆ, ೫.೭ರಿಂದ ೬.೪ರವರೆಗೆ ಹೊಸ್ತಿಲು. ಜಗಲಿಯ ಅಂಚಿನಲ್ಲಿಯೇ ನಿಂತವನಿಗೆ ಒಂದು ಚಿಕ್ಕ ತಳ್ಳು ಸಾಕು, ಅಂಗಳಕ್ಕೆ ಬೀಳುತ್ತಾನೆ. ಚಾವಡಿಯ ನಡುವೆ ನಿಂತವನಿಗೆ ಅದೇ ತಳ್ಳು ತಿಳಿಯುವುದೂ ಇಲ್ಲ. ಮಾತ್ರೆ ಮಾಡುವುದು ಆ ಚಿಕ್ಕ ತಳ್ಳನ್ನು ಮಾತ್ರ.

ಈಗ ನಮ್ಮ ಕೃಷಿಕರ ಸಕ್ಕರೆಗೆ ಮರಳೋಣ. ೧೦೮ರಿಂದ ೧೨೮ಕ್ಕೆ, ಎಂದರೆ ಇಪ್ಪತ್ತು ಮಿಲಿಗ್ರಾಂ ಏರಿದೆ. ಇಷ್ಟನ್ನೂ ಮಾತ್ರೆಯ ತಲೆಗೆ ಕಟ್ಟುವುದು ನ್ಯಾಯವೆ? ಮಾತ್ರೆ ಮೊದಲಾಗುವಾಗಲೇ ಅವರು ಅಂಚಿನಲ್ಲಿದ್ದರು. ಆಮೇಲೆ ಎರಡು ವರ್ಷ ವಯಸ್ಸಾಯಿತು. ಹೃದಯದ ಕಾಯಿಲೆಯ ಭಯದಿಂದ ತೋಟದ ಕೆಲಸ ಬಿಟ್ಟರು, ಬೆಳ್ಳಾರೆಗೂ ಬೈಕಿನಲ್ಲಿಯೇ ಹೋದರು. ಬೆಳಗ್ಗೆ ನೀರುದೋಸೆ, ಎರಡು ಹೊತ್ತು ತಟ್ಟೆ ತುಂಬ ಕುಚ್ಚಲಕ್ಕಿ ಅನ್ನ, ನಡುನಡುವೆ ಸಿಹಿ ಚಹಾ. ಹೊಟ್ಟೆಯ ಸುತ್ತಳತೆ ಬೆಳೆಯಿತು. ಇವುಗಳ ಮುಂದೆ ಮಾತ್ರೆಯ ಪಾಲು ಸಾಮಾನ್ಯವಾಗಿ ಸಣ್ಣದು. ಆ ಮಾತ್ರೆಯನ್ನು ಬಿಸುಟರೂ ಉಳಿದ ಕಾರಣಗಳೆಲ್ಲ ಮನೆಯಲ್ಲಿಯೇ ಇರುತ್ತವೆ. ಹೃದಯದ ಕಾವಲು ಮಾತ್ರ ಹೋಗಿರುತ್ತದೆ.

ಅಂಚಿನಲ್ಲಿದ್ದವರಿಗೆ ತಕ್ಕಡಿ ಹೇಗೆ ತೂಗುತ್ತದೆ ಎಂಬುದನ್ನು ಜುಪಿಟರ್ ಪ್ರಯೋಗದವರು ೨೦೧೨ರಲ್ಲಿ ಬೇರೆಯಾಗಿ ಲೆಕ್ಕ ಹಾಕಿದರು. ಮಧುಮೇಹದ ಲಕ್ಷಣಗಳು ಮೊದಲೇ ಇದ್ದವರಲ್ಲಿ ೫೪ ಹೊಸ ಮಧುಮೇಹಕ್ಕೆ ಎದುರಾಗಿ, ತಪ್ಪಿದ ಹೃದಯ-ರಕ್ತನಾಳದ ಆಪತ್ತುಗಳೂ ಸಾವುಗಳೂ ೧೩೪. ಅಂಥ ಲಕ್ಷಣವಿಲ್ಲದವರಲ್ಲಿ ಮಧುಮೇಹ ಹೆಚ್ಚಲೇ ಇಲ್ಲ. ತಪ್ಪಿದ ಆಪತ್ತುಗಳು ಮತ್ತು ಸಾವುಗಳು ೮೬. ಮಧುಮೇಹ ಬಂದವರಿಗೂ ಅದು ಹುಸಿಮಾತ್ರೆಯವರಿಗಿಂತ ಸರಾಸರಿ ಐದೂವರೆ ವಾರ ಮುಂಚೆ ಕಾಣಿಸಿಕೊಂಡಿತು, ಅಷ್ಟೆ.

‘ಮಧುಮೇಹ ಬಂದೇಬಿಟ್ಟಿತು, ಇನ್ನು ಮಾತ್ರೆಯಿಂದ ಏನು ಪ್ರಯೋಜನ?’ ಎಂದು ನೀವು ಕೇಳಬಹುದು. ಪ್ರಯೋಜನ ಇನ್ನೂ ಹೆಚ್ಚು. ಮಧುಮೇಹಿಗಳ ರಕ್ತನಾಳಗಳಲ್ಲಿ ಜಿಡ್ಡು ಬೇಗ ಕೂಡುತ್ತದೆ. ಅಟೋರ್ವಾಸ್ಟ್ಯಾಟಿನ್ ೧೦ ಮಿಲಿಗ್ರಾಂ ಮಾತ್ರೆಯನ್ನು ೨,೮೩೮ ಮಂದಿ ಮಧುಮೇಹಿಗಳಲ್ಲಿ ಪರೀಕ್ಷಿಸಿದ ಪ್ರಯೋಗವೊಂದು ೨೦೦೪ರಲ್ಲಿ ಪ್ರಕಟವಾಯಿತು. ಹೃದಯ ಮತ್ತು ಮಿದುಳಿನ ಆಪತ್ತುಗಳು ಶೇಕಡಾ ೩೭ರಷ್ಟು ಇಳಿದುವು. ಲಾಭ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಎರಡು ವರ್ಷ ಮುಂಚೆಯೇ ಮುಗಿಸಿದರು. ಆದುದರಿಂದಲೇ ವೈದ್ಯರು ನಲವತ್ತು ದಾಟಿದ ಮಧುಮೇಹಿಗಳಿಗೆ ಸಾಮಾನ್ಯವಾಗಿ ಈ ಮಾತ್ರೆಯನ್ನೇ ಬರೆಯುತ್ತಾರೆ.

ಸುದ್ದಿ ಕೇಳಿ ಮಾತ್ರೆ ಬಿಟ್ಟವರ ಕತೆ ಏನಾಯಿತೆಂಬುದಕ್ಕೂ ದಾಖಲೆಯಿದೆ. ಡೆನ್ಮಾರ್ಕ್ ದೇಶದಲ್ಲಿ ಆರು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕ ಸ್ಟ್ಯಾಟಿನ್ ಬಳಕೆದಾರರ ವಿವರಗಳನ್ನು ನೋಡಿ ೨೦೧೬ರಲ್ಲಿ ಒಂದು ವರದಿ ಬಂತು. ಪತ್ರಿಕೆಗಳಲ್ಲಿ ಮಾತ್ರೆಯ ವಿರುದ್ಧ ಸುದ್ದಿಗಳು ಹೆಚ್ಚಿದಂತೆ ಬೇಗನೆ ಅದನ್ನು ಬಿಟ್ಟವರೂ ಹೆಚ್ಚಿದರು. ಹಾಗೆ ಬಿಟ್ಟವರಲ್ಲಿ ಹೃದಯಾಘಾತವು ಮುಂದುವರಿಸಿದವರಿಗಿಂತ ಶೇಕಡಾ ೨೬ರಷ್ಟು ಹೆಚ್ಚಾಗಿ ಕಂಡುಬಂತು.

ಹೀಗೆಂದು ಎಲ್ಲರೂ ಮಾತ್ರೆ ನುಂಗಬೇಕೆಂದು ಹೇಳುತ್ತಿಲ್ಲ. ಪುತ್ತೂರಿನ ಭಾವಮೈದುನನ ತಕ್ಕಡಿಯೇ ಬೇರೆ. ಆತನಿಗೆ ಹಿಂದೆ ಹೃದಯಾಘಾತವಾಗಿಲ್ಲ. ರಕ್ತದ ಒತ್ತಡವಿಲ್ಲ, ಹೊಗೆಸೊಪ್ಪಿನ ಚಟವಿಲ್ಲ, ಮನೆತನದಲ್ಲಿ ಎಳೆಯ ವಯಸ್ಸಿಗೆ ಹೃದಯದಿಂದ ಹೋದವರಿಲ್ಲ ಎಂದಿಟ್ಟುಕೊಳ್ಳಿ. ಅಂಥವನಿಗೆ ಮುಂದಿನ ಹತ್ತು ವರ್ಷಗಳ ಆಪತ್ತು ತೀರ ಕಡಮೆ. ಅಲ್ಪವಾದುದರಲ್ಲಿ ಐದನೆಯ ಒಂದು ಪಾಲು ಉಳಿಸಿದರೆ ಉಳಿದದ್ದು ಇನ್ನೂ ಅಲ್ಪ. ಆತ ಮೊದಲು ಊಟ, ನಡಿಗೆ, ತೂಕ ಇವುಗಳನ್ನು ಸರಿಪಡಿಸಿಕೊಂಡು ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸುವುದು ನ್ಯಾಯ. ಆದರೆ ಎಲ್.ಡಿ.ಎಲ್. ೧೯೦ಕ್ಕೆ ಮುಟ್ಟಿದ್ದರೆ, ಇಲ್ಲವೆ ತಂದೆಯೋ ಅಣ್ಣನೋ ನಲವತ್ತೈದಕ್ಕೇ ಹೃದಯಾಘಾತಕ್ಕೆ ತುತ್ತಾಗಿದ್ದರೆ, ಆ ಮಾತು ಬೇರೆ. ಗರ್ಭಿಣಿಯರಿಗೂ ಗರ್ಭ ಧರಿಸುವ ಯೋಚನೆಯಿರುವವರಿಗೂ ಸಾಮಾನ್ಯವಾಗಿ ಈ ಮಾತ್ರೆಯನ್ನು ನಿಲ್ಲಿಸುತ್ತಾರೆ. ಅವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಆದುದರಿಂದ ವೈದ್ಯರ ಬಳಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಮುಂದಿನ ಹತ್ತು ವರ್ಷಗಳಲ್ಲಿ ನನ್ನ ಹೃದಯಕ್ಕೆ ಆಪತ್ತು ಎಷ್ಟು? ನನ್ನ ಸಕ್ಕರೆ ಈಗ ಎಲ್ಲಿದೆ, ಚಾವಡಿಯಲ್ಲೊ, ಅಂಚಿನಲ್ಲೊ? ನನಗೆ ಯಾವ ಪ್ರಮಾಣ ಸಾಕು? ಮತ್ತೆ ಪರೀಕ್ಷೆ ಯಾವಾಗ? ಮಾತ್ರೆ ಆರಂಭಿಸುವ ಮೊದಲು ಒಮ್ಮೆ ಸಕ್ಕರೆ ನೋಡಿಸಿ. ಮೂರು ತಿಂಗಳ ಹೊತ್ತಿಗೆ ಕೊಲೆಸ್ಟರಾಲು ನೋಡಿಸುವಾಗಲೇ ಸಕ್ಕರೆಯನ್ನೂ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಚೂರಿಯ ಅಲಗನ್ನು ಅದ್ದಿ ನೋಡುವ ಕೆಲಸ ಇದೇ. ಸಕ್ಕರೆ ಏರಿದ್ದರೆ ಪ್ರಮಾಣ ತಗ್ಗಿಸಬೇಕೆ, ಬೇರೆ ಔಷಧವನ್ನು ಜೊತೆಗೂಡಿಸಬೇಕೆ ಎಂಬುದನ್ನು ವೈದ್ಯರು ನಿರ್ಧರಿಸಲಿ. ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ತಾವಾಗಿ ಒಂದು ದಿನವೂ ಬಿಡುವಂತಿಲ್ಲ.

ಇನ್ನು, ದ್ರಾವಣಕ್ಕೆ ಸೇರಿಸುವ ಸುಣ್ಣ ಯಾವುದು? ಅದು ನಮ್ಮ ಕೈಯಲ್ಲಿಯೇ ಇದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ ಭಾರತೀಯರ ಮೇಲೆ ನಡೆಸಿದ ಪ್ರಯೋಗವು ೨೦೦೬ರಲ್ಲಿ ಪ್ರಕಟವಾಯಿತು. ಊಟವನ್ನು ಹದಗೊಳಿಸಿ, ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದವರಲ್ಲಿ ಮಧುಮೇಹಕ್ಕೆ ಬಲಿಯಾಗುವ ಸಂಭವ ಶೇಕಡಾ ೨೮.೫ರಷ್ಟು ಇಳಿಯಿತು. ಮಧ್ಯಮ ಪ್ರಮಾಣದ ಮಾತ್ರೆ ಏರಿಸುವುದು ಶೇಕಡಾ ೧೦. ನಡಿಗೆ ಮತ್ತು ಊಟ ಇಳಿಸುವುದು ಅದಕ್ಕಿಂತ ಹೆಚ್ಚು. ಅನ್ನದ ರಾಶಿಯನ್ನು ಅರ್ಧಕ್ಕಿಳಿಸಿ ಬಸಳೆ, ಹರಿವೆ, ತೊಂಡೆಕಾಯಿಗಳಿಗೆ ಜಾಗ ಕೊಡಿ. ಹೆಸರುಕಾಳಿರಲಿ, ಮೀನು ತಿನ್ನುವವರಿಗೆ ಮೀನಿರಲಿ. ಚಹಾದ ಸಕ್ಕರೆಯನ್ನು ಬಿಡಿ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಮೊದಲೇ ಬಿಡಿ. ಈಚೆಗೆ ತೋಟದಲ್ಲಿಯೂ ಮರವೇರುವ ಕೆಲಸ ಕಡಮೆಯಾಗಿ, ನೆಲದಲ್ಲಿಯೇ ನಿಂತು ಉದ್ದದ ದೋಟಿಯಿಂದ ಮದ್ದು ಬಿಡುವವರು ಹೆಚ್ಚಿದ್ದಾರೆ. ಪೇಟೆಯವರಾದ ನಮಗೆ ಅಷ್ಟು ಮೈಬಗ್ಗಿಸುವ ಕೆಲಸವೂ ಇಲ್ಲ. ಆದುದರಿಂದ ನಡಿಗೆಯನ್ನು ನಾವು ಹುಡುಕಿಕೊಂಡು ಹೋಗಬೇಕಾಗಿದೆ.

ಐವರ್ನಾಡಿನ ನಮ್ಮ ಕೃಷಿಕರು ಏನು ಮಾಡಬೇಕು? ನಾಳೆಯೇ ಸುಳ್ಯಕ್ಕೆ ಹೋಗಿ ವೈದ್ಯರನ್ನು ಕಂಡು, ‘ಮಾತ್ರೆ ಬಿಟ್ಟಿದ್ದೆ’ ಎಂದು ಸಂಕೋಚವಿಲ್ಲದೆ ಹೇಳಬೇಕು. ವೈದ್ಯರು ಹೆಚ್ಚಾಗಿ ಅದನ್ನು ಮತ್ತೆ ಆರಂಭಿಸಿ, ಸಕ್ಕರೆಗೂ ದಾರಿ ತೋರಿಸಿಯಾರು. ಹೆಂಡತಿ ಅನ್ನದ ಪಾತ್ರೆಯನ್ನು ಚಿಕ್ಕದು ಮಾಡಿಯಾರು. ಅಳಿಯ ಕಳಿಸಿದ ಸುದ್ದಿಗೆ ಅವರು ಹೀಗೆ ಉತ್ತರ ಬರೆಯಬಹುದು: ‘ನೀನು ಹೇಳಿದ್ದು ನಿಜ, ಮಗ. ಆದರೆ ನಾನು ತೂಗಿ ನೋಡಿದೆ.’